ಎಡಿಎಚ್‌ಡಿ ಇದ್ದು ದುಡ್ಡು, ಸಂಸಾರ ಎರಡನ್ನೂ ಹೇಗೆ ನಿಭಾಯಿಸುತ್ತೀರಿ?

ಪ್ರಶ್ನೆ: ನನಗೆ 34. ಹೋದ ವರ್ಷ ಎಡಿಎಚ್‌ಡಿ (ಗಮನ ನಿಲ್ಲದ, ಮರೆವು, ಆತುರ ಹೆಚ್ಚಿರುವ ಸಮಸ್ಯೆ) ಅಂತ ಗೊತ್ತಾಯಿತು. ಸಂಬಳ ಚೆನ್ನಾಗಿಯೇ ಬರುತ್ತದೆ, ಆದರೂ ಬಿಲ್ ಕಟ್ಟಲು ಮರೆಯುತ್ತೇನೆ. ಕ್ರೆಡಿಟ್ ಕಾರ್ಡ್ ಬಾಕಿ ಬೆಳೆಯುತ್ತಿದೆ. ನಮ್ಮನೆಯವರ ಜೊತೆ ದಿನಾ ಇದೇ ಜಗಳ. ನಿಮಗೆ ಯಾವುದರಿಂದ ಅನುಕೂಲ ಆಯಿತು, ದಯವಿಟ್ಟು ಹೇಳಿ.

ಉತ್ತರ 1: ಅಕ್ಕಾ, ಒಂದು ಸಂಜೆ ಲೈನ್‌ಮನ್ ಬಂದು ನಮ್ಮ ಮನೆಯ ಫ್ಯೂಸ್ ಕಿತ್ತುಕೊಂಡು ಹೋದರು. ಬಿಲ್ 780 ರೂಪಾಯಿ. ಖಾತೆಯಲ್ಲಿ ನಲವತ್ತು ಸಾವಿರ ಇತ್ತು! ಬಿಲ್ ಫ್ರಿಜ್ ಮೇಲೆ, ಮಗನ ಡ್ರಾಯಿಂಗ್ ಪುಸ್ತಕದ ಕೆಳಗೆ ಬಿದ್ದಿತ್ತು. ಕಣ್ಣಿಗೆ ಬೀಳದ್ದು ನನ್ನ ಪಾಲಿಗೆ ಇಲ್ಲವೇ ಇಲ್ಲ. "ದುಡ್ಡಿದ್ದೂ ಕಟ್ಟಿಲ್ಲ ಅಂದ್ರೆ ಮನೆ ಮೇಲೆ ಗಮನಾನೇ ಇಲ್ಲ ಅಲ್ವಾ?" ಅಂದರು ನಮ್ಮವರು, ಮೇಣದಬತ್ತಿ ಹಚ್ಚುತ್ತಾ. ಆ ಮಾತು ಇನ್ನೂ ನೆನಪಿದೆ.

ಆಮೇಲೆ ನೆನಪನ್ನು ನಂಬುವುದನ್ನೇ ಬಿಟ್ಟೆವು. 1ಕ್ಕೆ ಸಂಬಳ. 3ಕ್ಕೆ ಕರೆಂಟ್, ಇಂಟರ್‌ನೆಟ್, ವಿಮೆ ಎಲ್ಲ ಆಟೊಪೇನಲ್ಲಿ ಹೋಗುತ್ತದೆ. ದುಡ್ಡು ಕಡಿತವಾಗುವ 24 ಗಂಟೆ ಮೊದಲೇ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ, ಹೆದರಬೇಡಿ. ಕೈಖರ್ಚಿಗೆ ವಾರಕ್ಕೆ 2,000 ಬೇರೆ ಖಾತೆಗೆ ಹಾಕುತ್ತೇನೆ. ಫೋನಿನ ಯುಪಿಐ ಆ ಖಾತೆಗೆ ಮಾತ್ರ. ರಾತ್ರಿ ಹನ್ನೊಂದಕ್ಕೆ ಏನೋ ಕೊಳ್ಳಲೇಬೇಕು ಅನ್ನಿಸಿದರೂ ಅಲ್ಲಿ ದುಡ್ಡಿರುವುದಿಲ್ಲ. ಬೆಳಗಾಗುವಷ್ಟರಲ್ಲಿ ಆ ಆಸೆಯೇ ಹೋಗಿರುತ್ತದೆ.

ನೀವು ಮೊದಲು ಕಾರ್ಡಿನ ಬಾಕಿ ನೋಡಿ. ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನಲ್ಲಿ ಕನಿಷ್ಠ ಇಷ್ಟು ಕಟ್ಟಿ ಅಂತ ಕೊಟ್ಟಿರುವ ಮೊತ್ತ ಮಾತ್ರ ಕಟ್ಟಿದರೆ ದಂಡ ತಪ್ಪುತ್ತದೆ ಅಷ್ಟೇ. ಬಡ್ಡಿ ಓಡುತ್ತಲೇ ಇರುತ್ತದೆ, ಎಷ್ಟೋ ಕಾರ್ಡ್‌ಗಳಲ್ಲಿ ವರ್ಷಕ್ಕೆ ಶೇ 40ರ ಹತ್ತಿರ. ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ಇವತ್ತೇ ಅಳಿಸಿಬಿಡಿ.

ಉತ್ತರ 2: ಡಾಕ್ಟರ್ ಹತ್ತಿರ ಹೋಗುವುದನ್ನು ಮಧ್ಯೆ ನಿಲ್ಲಿಸಬೇಡಿ. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಉತ್ತರ 3: ನಮ್ಮಲ್ಲಿ ಎಡಿಎಚ್‌ಡಿ ಇರುವುದು ಹೆಂಡತಿಗೆ. ನಿಮ್ಮ ಯಜಮಾನರಿಗೂ ಇದನ್ನು ಓದಿಸಿ. "ಕಟ್ಟಿದ್ಯಾ?" ಅಂತ ದಿನಕ್ಕೆ ಮೂರು ಸಲ ಕೇಳುತ್ತಿದ್ದೆ. ಕಟ್ಟದೇ ಇದ್ದರೂ "ಹೂಂ" ಅನ್ನುತ್ತಿದ್ದಳು. ಬಾಕಿಗಿಂತ ಆ ಸುಳ್ಳು ನನಗೆ ಜಾಸ್ತಿ ನೋವು ಕೊಟ್ಟಿತು. ನನ್ನ ದನಿಗೆ ಹೆದರಿ ಹಾಗೆ ಹೇಳುತ್ತಿದ್ದಳು ಅಂತ ತಿಳಿಯಲು ಬಹಳ ದಿನ ಬೇಕಾಯಿತು. ಈಗ ಭಾನುವಾರ ತಿಂಡಿ ಆದ ಮೇಲೆ ಇಪ್ಪತ್ತು ನಿಮಿಷ ಇಬ್ಬರೂ ಕೂತು ಲೆಕ್ಕ ನೋಡುತ್ತೇವೆ. ಉಳಿದ ಆರು ದಿನ ನಾನು ದುಡ್ಡಿನ ಮಾತೇ ಎತ್ತುವುದಿಲ್ಲ. ಮೊನ್ನೆ ಬುಧವಾರ ಅವಳೇ ಬಂದು, "ರೀ, ಈ ತಿಂಗಳು ಕಾರ್ಡಲ್ಲಿ ಆರು ಸಾವಿರ ಜಾಸ್ತಿ ಆಗಿದೆ" ಅಂದಳು.