ಸೋಲ್ಡರ್ ಹಿಡಿಯುತ್ತಲೇ ಇಲ್ಲ, ಗುಂಡಾಗಿ ಉರುಳಿ ಬೀಳುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ನಾಪೋಕ್ಲು ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ನಾಪೋಕ್ಲು ಕಡೆ. ಮಳೆ ಶುರುವಾದ ಮೇಲೆ ಇಲ್ಲಿ ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಜಾಸ್ತಿ. ಹಾಗಾಗಿ ಮನೆಯಲ್ಲಿ ಮೂರು ಎಮರ್ಜೆನ್ಸಿ ಲ್ಯಾಂಪ್ ಇವೆ, ಅದರಲ್ಲಿ ಎರಡು ಕೆಟ್ಟು ಕೂತಿವೆ. ಬಿಚ್ಚಿ ನೋಡಿದೆ. ಒಂದರಲ್ಲಿ ಬ್ಯಾಟರಿಯಿಂದ ಬೋರ್ಡಿಗೆ ಬರುವ ಕೆಂಪು ವೈರ್ ಕಿತ್ತು ಬಂದಿದೆ, ತುದಿಯಲ್ಲಿ ಹಸಿರು ಕಿಲುಬು. ಇನ್ನೊಂದರಲ್ಲಿ ಚಾರ್ಜಿಂಗ್ ಪಿನ್ ಅಲ್ಲಾಡುತ್ತದೆ. ಇಷ್ಟಕ್ಕೆ ಪೇಟೆಗೆ ಯಾಕೆ ಹೊತ್ತುಕೊಂಡು ಹೋಗಬೇಕು, ನಾನೇ ಕಲಿಯೋಣ ಅಂತ ಬೆಸುಗೆ ಹಾಕುವ 25 ವ್ಯಾಟಿನ ಸೋಲ್ಡರಿಂಗ್ ಐರನ್, ಕರಗಿಸಿ ಬೆಸೆಯುವ ಸೋಲ್ಡರ್ ವೈರ್ ಒಂದು ಸುತ್ತು, ಒಂದು ಡಬ್ಬಿ ಪೇಸ್ಟ್ ತಂದೆ. ಪೇಸ್ಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪಿನ ಸಾಮಾನಿನ ಪಕ್ಕ ಇಟ್ಟಿದ್ದು.

ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಐರನ್ ತುದಿಗೆ ಸೋಲ್ಡರ್ ಮುಟ್ಟಿಸಿ, ಕರಗಿದ್ದನ್ನು ತಂದು ವೈರ್ ಮೇಲೆ ಇಟ್ಟರೆ ಅದು ಹಿಡಿಯುವುದೇ ಇಲ್ಲ. ತಾವರೆ ಎಲೆ ಮೇಲಿನ ನೀರಿನ ಹಾಗೆ ಉರುಳಿ ಕೆಳಗೆ ಬೀಳುತ್ತದೆ. ಒಂದೊಂದು ಸಲ ಕರಗುವುದಕ್ಕೇ ಒಂದು ನಿಮಿಷ ಬೇಕು. ಬಿಟ್, ಅಂದರೆ ಐರನ್ ತುದಿಯ ಕಡ್ಡಿ, ಕರ್ರಗೆ ಆಗಿದೆ. ಕೆಲಸ ಮುಗಿಸಿ ಬಂದು ಸಂಜೆ ಏಳರ ಮೇಲೆ ಕೂರುತ್ತೇನೆ, ಎರಚಲು ಒಳಗೆ ಬರುತ್ತದೆ ಅಂತ ಕಿಟಕಿ ಮುಚ್ಚಿರುತ್ತೇನೆ, ಹೊಗೆಗೆ ಕಣ್ಣು ಉರಿಯುತ್ತದೆ. ಐರನ್‌ನ ಲೋಹದ ಭಾಗ ಬೋರ್ಡಿಗೆ ತಾಗಿದಾಗ ಒಂದೆರಡು ಸಲ ಕೈಗೆ ಜುಮ್ ಅಂದಿದೆ. ಆರು ವರ್ಷದ ಮಗಳು ಪಕ್ಕದಲ್ಲೇ ಕೂತು ನೋಡುತ್ತಾಳೆ. ಅಮ್ಮ ಇದೆಲ್ಲ ಬೇಡ, ಬಿಟ್ಟುಬಿಡು ಅನ್ನುತ್ತಿದ್ದಾರೆ. ನನಗೆ ಬಿಡಲು ಮನಸ್ಸಿಲ್ಲ. ಗೊತ್ತಿರುವವರು ಹೇಳಿಕೊಡಿ.

ಗೋಣಿಕೊಪ್ಪ ರಿಪೇರಿ

ತಮ್ಮಾ, ಹಿಂದೆ ಊರಿಗೆ ಪಾತ್ರೆಗೆ ಕಲಾಯಿ ಹಾಕುವವರು ಬರುತ್ತಿದ್ದರು, ನೋಡಿದ್ದೀರಾ? ನಾನು ಚಿಕ್ಕವನಿದ್ದಾಗ ನಮ್ಮ ಅಂಗಳದಲ್ಲೇ ತಿದಿ ಊದಿಕೊಂಡು ಕೂರುತ್ತಿದ್ದರು. ಮೊದಲು ಪಾತ್ರೆ ಉಜ್ಜಿ ಉಜ್ಜಿ ಕಿಲುಬು ತೆಗೆಯುವುದು. ಆಮೇಲೆ ಕೆಂಡದ ಮೇಲೆ ಚೆನ್ನಾಗಿ ಕಾಯಿಸುವುದು. ನವಸಾಗರದ ಪುಡಿ ಎರಚಿದರೆ ಬುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು. ಆಗ ತವರದ ಕಡ್ಡಿಯನ್ನು ಪಾತ್ರೆಗೆ ಸುಮ್ನೆ ಮುಟ್ಟಿಸಿದರೆ ಸಾಕು, ಬೆಳ್ಳಿ ಹಾಗೆ ಹರಡುತ್ತಿತ್ತು. ತಣ್ಣಗಿರುವ ಪಾತ್ರೆ ಮೇಲೆ ಕರಗಿದ ತವರ ಸುರಿದಿದ್ದರೆ ಹಿಡಿಯುತ್ತಿತ್ತಾ? ನೀವು ಮಾಡುತ್ತಿರುವುದು ಅದನ್ನೇ. ಸೋಲ್ಡರ್ ಕಾಯಿಸುತ್ತಿದ್ದೀರಿ, ವೈರ್ ಕಾಯಿಸುತ್ತಿಲ್ಲ.

ಬಿಟ್‌ನಲ್ಲಿ ಸೋಲ್ಡರ್ ಎತ್ತಿಕೊಂಡು ಹೋಗಿ ಇಡುವುದನ್ನು ಇವತ್ತೇ ನಿಲ್ಲಿಸಿ. ಸೋಲ್ಡರ್ ವೈರ್‌ನ ಹೊಟ್ಟೆಯೊಳಗೆ ಲೋಹದ ಮೇಲಿನ ತೆಳು ಕಿಲುಬು ತೆಗೆಯುವ ರಾಳದ ಫ್ಲಕ್ಸ್ ಇರುತ್ತದೆ. ಕಲಾಯಿಗೆ ನವಸಾಗರ ಹೇಗೋ ಇದಕ್ಕೆ ಆ ಫ್ಲಕ್ಸ್ ಹಾಗೆ. ನೀವು ಬಿಟ್ ಮೇಲೆ ಕರಗಿಸಿಕೊಂಡು ಬರುವಷ್ಟರಲ್ಲಿ ಅದೆಲ್ಲ ಹೊಗೆಯಾಗಿ ಹೋಗಿರುತ್ತದೆ, ಉಳಿದದ್ದು ಬರೀ ಲೋಹ.

ಮೊದಲು ಬಿಟ್‌ಗೇ ಕಲಾಯಿ ಆಗಬೇಕು. ಒದ್ದೆ ಸ್ಪಂಜಿನಲ್ಲಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ಒದ್ದೆ ಇರಲಿ, ಕಾದ ಬಿಟ್ ಒರೆಸಿ. ಒರೆಸಿದ ಕೂಡಲೇ ಸೋಲ್ಡರ್ ಮುಟ್ಟಿಸಿ. ತುದಿ ಕನ್ನಡಿ ಹಾಗೆ ಹೊಳೆಯಬೇಕು. ಕರ್ರಗಿನ ಪದರ ಇದ್ದರೆ ಬಿಸಿ ದಾಟುವುದೇ ಇಲ್ಲ. ನಿಮ್ಮದು ಬರೀ ತಾಮ್ರದ ಬಿಟ್ ಆಗಿದ್ದರೆ ತಣ್ಣಗಿದ್ದಾಗ ಅರದಿಂದ ಉಜ್ಜಿ ಹೊಸ ತಾಮ್ರ ಕಾಣುವಂತೆ ಮಾಡಿ, ಮತ್ತೆ ಕಾಯುವಾಗಲೇ ಸೋಲ್ಡರ್ ಹಚ್ಚುತ್ತಾ ಹೋಗಿ. ಬೆಳ್ಳಿ ಬಣ್ಣದ ಲೇಪ ಇರುವ ಬಿಟ್ ಆದರೆ ಅರ, ಮರಳು ಕಾಗದ ಯಾವುದೂ ಬೇಡ. ಲೇಪ ಹೋದರೆ ಒಳಗಿನ ತಾಮ್ರವನ್ನು ಸೋಲ್ಡರ್ ತಿಂದು ಹಾಕುತ್ತದೆ, ಅದಕ್ಕೆ ಹಿತ್ತಾಳೆ ನಾರು ಸಾಕು. ಇನ್ನೊಂದು ವಿಷಯ, ಬಿಟ್ ಹಿಡಿದಿರುವ ಸಣ್ಣ ಸ್ಕ್ರೂ ಸಡಿಲ ಇದೆಯಾ, ಬಿಟ್ ಪೂರ್ತಿ ಒಳಗೆ ಕೂತಿದೆಯಾ ನೋಡಿ. ಅರ್ಧ ಹೊರಗೆ ಬಂದಿದ್ದರೆ ಬಿಸಿ ತುದಿವರೆಗೆ ಬರುವುದಿಲ್ಲ.

ಆ ಹಸಿರು ಕಿಲುಬಿನ ವೈರ್‌ಗೆ ಸೋಲ್ಡರ್ ಯಾವತ್ತೂ ಹಿಡಿಯುವುದಿಲ್ಲ. ಕತ್ತರಿಸುತ್ತಾ ಹಿಂದೆ ಹೋಗಿ, ಕೆಂಪು ತಾಮ್ರ ಕಾಣುವವರೆಗೆ. ನಮ್ಮ ಕಡೆಯ ಥಂಡಿಗೆ ಕಿಲುಬು ಪ್ಲಾಸ್ಟಿಕ್ ಒಳಗೂ ಒಂದು ಗೇಣು ಓಡಿರುತ್ತದೆ, ಹಾಗಿದ್ದರೆ ವೈರನ್ನೇ ಬದಲಿಸಿ. ಎಳೆಗಳನ್ನು ಹುರಿ ಮಾಡಿ, ಕೆಳಗೆ ಬಿಟ್ ಇಟ್ಟು ಮೇಲಿಂದ ಸೋಲ್ಡರ್ ಮುಟ್ಟಿಸಿ. ಎಳೆಗಳ ನಡುವೆ ಅದು ತಾನೇ ಹೀರಿಕೊಂಡು ಹೋಗುತ್ತದೆ, ದೀಪದ ಬತ್ತಿ ಎಣ್ಣೆ ಕುಡಿದ ಹಾಗೆ. ಅದನ್ನು ನೋಡಿದ ಮೇಲೆ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೋರ್ಡಿನಲ್ಲಿ ಪಿನ್ ಮತ್ತು ಅದರ ಬುಡದ ತಾಮ್ರದ ಬಿಲ್ಲೆ ಎರಡಕ್ಕೂ ಒಟ್ಟಿಗೆ ಬಿಟ್ ತಾಗಬೇಕು. ಒಂದೆರಡು ಸೆಕೆಂಡ್ ಬಿಟ್ಟು ಎದುರು ಬದಿಯಿಂದ ಸೋಲ್ಡರ್ ಕೊಡಿ. ಹರಡಿದ ಕೂಡಲೇ ಮೊದಲು ಸೋಲ್ಡರ್ ತೆಗೆಯಿರಿ, ಆಮೇಲೆ ಐರನ್. ಗಟ್ಟಿಯಾಗುವವರೆಗೆ ಅಲ್ಲಾಡಿಸಬೇಡಿ, ಬಾಯಲ್ಲಿ ಊದಬೇಡಿ. ತವರ ಸೀಸದ ಸೋಲ್ಡರ್ ಆದರೆ ಬೆಸುಗೆ ಹೊಳೆಯಬೇಕು, ಬುಡದಲ್ಲಿ ಅಗಲ, ಮೇಲೆ ಸಣ್ಣ. ಮಂಕಾಗಿ ತರಿತರಿ ಇದ್ದರೆ ಅದು ಡ್ರೈ ಸೋಲ್ಡರ್. ಇವತ್ತು ಲ್ಯಾಂಪ್ ಹತ್ತುತ್ತದೆ, ನಾಳೆ ಹತ್ತುವುದಿಲ್ಲ. ನನ್ನ ಹತ್ತಿರ ಬರುವ ರಿಪೇರಿಯಲ್ಲಿ ಅರ್ಧ ಇದೇ.

ಪೈಪಿನ ಪೇಸ್ಟ್ ಬೋರ್ಡಿಗೆ ಹಾಕಲೇಬೇಡಿ. ಅದರಲ್ಲಿ ಆಸಿಡ್ ಗುಣ ಇರುತ್ತದೆ. ಈ ತೇವದಲ್ಲಿ ಒಂದೇ ಮಳೆಗಾಲಕ್ಕೆ ಬೋರ್ಡಿನ ಗೆರೆ ಗೆರೆ ತಿಂದುಬಿಡುತ್ತದೆ. ಈಗಾಗಲೇ ಹಾಕಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೆ ಬ್ರಷ್‌ನಲ್ಲಿ ತೊಳೆಯಿರಿ. ಆದರೆ ಐರನ್ ಆರಿದ ಮೇಲೆ, ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ.

ಸೋಮವಾರಪೇಟೆ ವೈರ್‌ಮನ್

ಅಣ್ಣ ಹೇಳಿದ್ದೆಲ್ಲ ಸರಿ. ನನಗೆ ಕಾಣುವ ಪ್ರಕಾರ ಇನ್ನೊಂದು ಕಾರಣ ಇದೆ. ಸಂಜೆ ಏಳರ ಮೇಲೆ ಅಂದಿರಿ ಅಲ್ವಾ? ನಿಮ್ಮಲ್ಲಿ ಮೀಟರ್ ಇದ್ದರೆ ಆ ಹೊತ್ತಿಗೆ ಪ್ಲಗ್ಗಿನಲ್ಲಿ ವೋಲ್ಟೇಜ್ ಅಳೆದು ನೋಡಿ. 25 ವ್ಯಾಟ್ ಅಂತ ಬರೆದಿರುವುದು 230 ವೋಲ್ಟಿಗೆ. ವೋಲ್ಟೇಜ್ ಇಳಿದರೆ ಬಿಸಿ ಅದಕ್ಕಿಂತ ಜೋರಾಗಿ ಇಳಿಯುತ್ತದೆ. 180 ವೋಲ್ಟ್ ಬಂದರೆ ನಿಮ್ಮ ಕೈಯಲ್ಲಿರುವುದು 15 ವ್ಯಾಟಿನ ಐರನ್. ಸಾಮಾನ್ಯ 60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸ) 183 ಡಿಗ್ರಿಗೆ ಮೆತ್ತಗಾಗಿ 190ಕ್ಕೆ ಪೂರ್ತಿ ಕರಗುತ್ತದೆ, ಆದರೆ ಕೆಲಸ ಚುರುಕಾಗಿ ಆಗಲು ತುದಿ 330–350 ಡಿಗ್ರಿ ಇರಬೇಕು. ಸೀಸ ಇಲ್ಲದ ಸೋಲ್ಡರ್ ತಂದಿದ್ದರೆ ಇನ್ನೂ ಕಷ್ಟ, ಅದು ಕರಗುವುದೇ ಸುಮಾರು 217ರ ಮೇಲೆ. ಡಬ್ಬಿ ಓದಿ. ಹಗಲು ವೋಲ್ಟೇಜ್ ಚೆನ್ನಾಗಿರುವಾಗ ಮಾಡಿ, ಇಲ್ಲವಾದರೆ ಇನ್ವರ್ಟರ್‌ನಲ್ಲಿ ಹಾಕಿ. ಬಿಸಿ ಸಾಲದು ಅಂತ 100 ವ್ಯಾಟಿನದು ತಂದು ಬೋರ್ಡಿಗೆ ಇಡಬೇಡಿ, ತಾಮ್ರದ ಬಿಲ್ಲೆ ಎದ್ದು ಬರುತ್ತದೆ.

ಜುಮ್ ಅನ್ನುವುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಐರನ್ ಒಳಗೆ ಕರೆಂಟು ಸೋರುತ್ತಿದೆ, ಅರ್ತ್ ಇಲ್ಲ. ಮೂರು ಪಿನ್ನಿನ ಐರನ್ ಬೇಕು, ಸಾಕೆಟ್ಟಿನ ಮೂರನೇ ತೂತಿಗೆ ನಿಜವಾಗಿ ಅರ್ತ್ ಬಂದಿರಬೇಕು. ಹಳೆ ಮನೆಗಳಲ್ಲಿ ತೂತು ಇರುತ್ತದೆ, ಹಿಂದೆ ವೈರೇ ಇರುವುದಿಲ್ಲ. ಅದನ್ನು ಸರಿ ಮಾಡಿಸುವವರೆಗೆ ಆ ಐರನ್ ಮುಟ್ಟಬೇಡಿ.

ಅಗ್ಗದ ಲ್ಯಾಂಪ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಂದು ಕೆಪಾಸಿಟರ್ ಮೂಲಕ ನೇರ ಮೇನ್ಸ್‌ನಿಂದಲೇ ಚಾರ್ಜ್ ಆಗುತ್ತವೆ. ಪ್ಲಗ್ಗಿನಲ್ಲಿದ್ದಾಗ ಬ್ಯಾಟರಿಯ ವೈರ್ ಮುಟ್ಟಿದರೂ ಶಾಕ್ ಹೊಡೆಯಬಹುದು. ಗೋಡೆಯಿಂದ ತೆಗೆದ ಮೇಲೂ ಆ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರಬಹುದು. ಪ್ಲಗ್ ತೆಗೆದು, ಕಾದು, ಮೀಟರ್‌ನಲ್ಲಿ ನೋಡಿ, ಬ್ಯಾಟರಿಯ ಒಂದು ವೈರ್ ಬಿಡಿಸಿಟ್ಟು, ಆಮೇಲೆ ಐರನ್ ಕೈಗೆ ತೆಗೆದುಕೊಳ್ಳಿ.

ನನ್ನ ಮನೆಯಲ್ಲೇ ಆದದ್ದು ಹೇಳುತ್ತೇನೆ. ಒಂದು ಜುಲೈ ರಾತ್ರಿ ಕೆಲಸದ ನಡುವೆ ಕರೆಂಟು ಹೋಯಿತು. ಅರ್ಧ ಗಂಟೆ ಕಾದೆ, ಬರಲಿಲ್ಲ, ಐರನ್ ಅಲ್ಲೇ ಮೇಜಿನ ಮೇಲೆ ಇಟ್ಟು ಮಲಗಿದೆ. ಸ್ವಿಚ್ ಆರಿಸಲು ನೆನಪಾಗಲಿಲ್ಲ. ಬೆಳಗಿನ ಜಾವ ಮೂರಕ್ಕೆ ಕರೆಂಟು ಬಂದಿದೆ. ಸುಟ್ಟ ವಾಸನೆಗೆ ಹೆಂಡತಿ ಎದ್ದಳು. ಹೋಗಿ ನೋಡಿದರೆ ಮೇಜಿನ ಹಲಗೆಯಲ್ಲಿ ಅಂಗೈಯಷ್ಟು ಕರಿ ಗುಂಡಿ, ಒಂದು ಮೊಳ ಆಚೆಗೆ ಕಾಫಿ ತುಂಬುವ ಗೋಣಿ ಚೀಲದ ಕಟ್ಟು. ಇವತ್ತಿಗೂ ನೆನೆಸಿಕೊಂಡರೆ ಎದೆ ಧಸಕ್ಕೆನ್ನುತ್ತದೆ. ಕರೆಂಟು ಹೋದರೆ ಮೊದಲು ಪ್ಲಗ್ ಕೀಳಿ, ಆಮೇಲೆ ಮೇಣದಬತ್ತಿ ಹುಡುಕಿ. ಸ್ಪ್ರಿಂಗ್ ಸ್ಟ್ಯಾಂಡ್ ತನ್ನಿ, ಅದನ್ನು ಮಂಗಳೂರು ಹಂಚಿನ ತುಂಡಿನ ಮೇಲೆ ಇಡಿ.

ವಿರಾಜಪೇಟೆ ನರ್ಸಕ್ಕ

ಮಗಳ ವಿಷಯ ಓದಿ ಬರೆಯುತ್ತಿದ್ದೇನೆ. ಹೊಗೆಯಲ್ಲಿ ಸೀಸ ಬರುತ್ತದೆ ಅಂತ ಹಲವರು ಹೆದರುತ್ತಾರೆ. ಈ ಬಿಸಿಗೆ ಸೀಸ ಆವಿಯಾಗುವುದಿಲ್ಲ, ಅಂದರೆ ಲೆಕ್ಕಕ್ಕೆ ಬರುವಷ್ಟು ಆಗುವುದಿಲ್ಲ. ಕಣ್ಣು ಉರಿಸುವುದು ಫ್ಲಕ್ಸಿನ ರಾಳದ ಹೊಗೆ. ಅದು ಆಸ್ತಮಾ ಹತ್ತಿಸಬಲ್ಲದು, ಇದ್ದವರಿಗೆ ಜಾಸ್ತಿ ಮಾಡುತ್ತದೆ, ಮಕ್ಕಳಿಗಂತೂ ಒಳ್ಳೆಯದಲ್ಲ. ಎರಚಲು ಬಾರದ ಕಡೆಯ ಕಿಟಕಿ ತೆಗೆಯಿರಿ, ಸಣ್ಣ ಫ್ಯಾನ್ ಇಟ್ಟು ಹೊಗೆ ಮುಖದಿಂದ ಆಚೆ ಹೋಗುವಂತೆ ಮಾಡಿ. ತಲೆ ಬಗ್ಗಿಸಿ ಹೊಗೆಯ ಮೇಲೆಯೇ ಕೂರಬೇಡಿ.

ಸೀಸ ಒಳಗೆ ಹೋಗುವುದು ಕೈಯಿಂದ. ಸೋಲ್ಡರ್ ಹಿಡಿದ ಕೈಯಲ್ಲೇ ಕಾಫಿ ಲೋಟ ಎತ್ತುವುದು, ಎಲೆ ಅಡಿಕೆ ಹಾಕಿಕೊಳ್ಳುವುದು, ಮೂರನೇ ಕೈ ಬೇಕು ಅಂತ ಸೋಲ್ಡರ್ ವೈರ್ ಹಲ್ಲಿನಲ್ಲಿ ಕಚ್ಚುವುದು, ಇವೆಲ್ಲ ಬೇಡ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕೆಳಗೆ ಬಿದ್ದ ಗುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ನೆಲದ ಮೇಲಿನದು ಮಕ್ಕಳ ಬಾಯಿಗೆ ಹೋಗುವುದು ಎಷ್ಟು ಹೊತ್ತು? ಊಟದ ಮೇಜಿನ ಮೇಲೆ ಈ ಕೆಲಸ ಬೇಡ. ಮಗಳು ನೋಡಬೇಕಾದರೆ ದೂರ ಕೂತು ನೋಡಲಿ. ಕನ್ನಡಕ ನೀವೂ ಹಾಕಿ, ಅವಳಿಗೂ ಹಾಕಿ. ಫ್ಲಕ್ಸ್ ಸಿಡಿದು ಕಣ್ಣಿಗೆ ಬಿದ್ದವರನ್ನು ನೋಡಿದ್ದೇನೆ.

ಸುಟ್ಟರೆ ಕೂಡಲೇ ಉಂಗುರ, ಬಳೆ ತೆಗೆದು, ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಎರಡು ನಿಮಿಷಕ್ಕೆ ಉರಿ ಕಡಿಮೆ ಅನ್ನಿಸಿದರೂ ತೆಗೆಯಬೇಡಿ. ಟೂತ್‌ಪೇಸ್ಟ್, ಅರಿಶಿನ, ಇಂಕು, ಐಸ್ ಏನೂ ಬೇಡ. ಟೂತ್‌ಪೇಸ್ಟ್ ಒಣಗಿ ಅಂಟಿಕೊಂಡ ಗಾಯ ಬಿಡಿಸುವಾಗ ರೋಗಿಗೆ ಆಗುವ ನೋವು ನಮಗೆ ನೋಡಲು ಆಗುವುದಿಲ್ಲ. ಬೊಕ್ಕೆ ಒಡೆಯಬೇಡಿ, ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ತೋರಿಸಿ. ಚಳಿ ಅಂತ ನೈಲಾನ್ ಜರ್ಕಿನ್ ಹಾಕಿ ಕೂರಬೇಡಿ, ಕಾದ ಸೋಲ್ಡರ್ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಅಂಗಿ ಒಳ್ಳೆಯದು. ಐರನ್ ಕೈಯಿಂದ ಜಾರಿದರೆ ಹಿಡಿಯಲು ಹೋಗಬೇಡಿ, ಬೀಳಲಿ.

ನಾಪೋಕ್ಲು ತೋಟದಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಎಂಟಕ್ಕೆ ಅಳೆದೆ, 168 ವೋಲ್ಟ್! ಇವತ್ತು ಭಾನುವಾರ, ಬೆಳಿಗ್ಗೆ ಹತ್ತಕ್ಕೆ 221. ಲೆಕ್ಕ ಹಾಕಿದರೆ ರಾತ್ರಿ ನನ್ನ ಐರನ್ 13 ವ್ಯಾಟ್ ಮಾತ್ರ ಇತ್ತು. ಹಳೆ ಐರನ್ ಪಕ್ಕಕ್ಕಿಟ್ಟು ಮೂರು ಪಿನ್ನಿನದು ತಂದಿದ್ದೇನೆ. ಚಾವಡಿಯ ಸಾಕೆಟ್ಟಿನಲ್ಲಿ ಅರ್ತ್ ಇರಲಿಲ್ಲ, ಅಡುಗೆಮನೆಯ ಹೊರಗಿನ ಸಾಕೆಟ್ಟಿನಲ್ಲಿ ಇದೆ ಅಂತ ವೈರಿಂಗ್‌ನವರು ನೋಡಿ ಹೇಳಿದರು, ಅಲ್ಲೇ ಹಲಗೆ ಹಾಕಿ ಕೂತೆ.

ವೈರ್ ನಾಲ್ಕು ಇಂಚು ಕತ್ತರಿಸಿದ ಮೇಲೆ ಕೆಂಪು ತಾಮ್ರ ಸಿಕ್ಕಿತು. ಕೆಳಗೆ ಬಿಟ್ ಇಟ್ಟು ಮೇಲಿಂದ ಸೋಲ್ಡರ್ ಮುಟ್ಟಿಸಿದೆ, ಸರ್ರನೆ ಎಳೆಗಳ ಒಳಗೆ ಹೋಯಿತು. ಅಣ್ಣಾ, ನೀವು ಹೇಳಿದ ಬತ್ತಿಯ ಹಾಗೇ. ಖುಷಿಗೆ ಮಗಳನ್ನು ಕೂಗಿ ಇನ್ನೊಂದು ವೈರ್‌ಗೂ ಹಚ್ಚಿ ತೋರಿಸಿದೆ. ಲ್ಯಾಂಪ್ ಹತ್ತಿತು, ವೈರ್ ಎಳೆದರೂ ಬರಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ತೋಟಕ್ಕೆ ಒಯ್ಯುವ ಟಾರ್ಚ್‌ನ ಲಿಥಿಯಂ ಸೆಲ್ ಹೋಗಿದೆ, 18650 ಅಂತ ಬರೆದಿದೆ. ಹೊಸ ಸೆಲ್ ತಂದು ಅದರ ತಲೆಗೆ ನೇರ ವೈರ್ ಬೆಸೆಯಬಹುದಾ?

ಗೋಣಿಕೊಪ್ಪ ರಿಪೇರಿ

ಬೇಡವೇ ಬೇಡ ತಮ್ಮಾ. ಲಿಥಿಯಂ ಸೆಲ್‌ಗೆ ಐರನ್ ಇಟ್ಟರೆ ಒಳಗಿನ ತೆಳು ಪದರ ಬಿಸಿಗೆ ಹಾಳಾಗಿ ಒಳಗೇ ಶಾರ್ಟ್ ಆಗಬಹುದು, ಬೆಂಕಿ ಹತ್ತಬಹುದು. ಕಿವಿ ಇರುವ ಸೆಲ್ ಕೇಳಿ ತನ್ನಿ, ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿರುತ್ತಾರೆ. ಆ ಪಟ್ಟಿಯ ತುದಿಗೆ ವೈರ್ ಬೆಸೆಯಿರಿ, ಸೆಲ್‌ಗೆ ಬಿಸಿ ತಾಗುವ ಮೊದಲೇ ಬೇಗ ಮುಗಿಸಿ. ಪ್ಲಸ್ಸು ಮೈನಸ್ಸು ಒಂದಕ್ಕೊಂದು ತಾಗದ ಹಾಗೆ ಒಂದು ಕಡೆ ಟೇಪ್ ಸುತ್ತಿಕೊಂಡೇ ಇನ್ನೊಂದು ಕಡೆ ಶುರು ಮಾಡಿ.

ಆ ಅಲ್ಲಾಡುವ ಪಿನ್ನಿನ ಫೋಟೋ ಹಾಕಿ. ಬಿಲ್ಲೆ ಎದ್ದಿದ್ದರೆ ಅದಕ್ಕೆ ಬೇರೆ ದಾರಿ ಇದೆ.