‘ರಂಗರೂಪ’ವೋ ‘ರೂಪಾಂತರ’ವೋ: ಆಫ್ರಿಕಾನ್ಸ್ ಕಾದಂಬರಿಗಳ ಶಾಲಾ ನಾಟಕಗಳ ಬಗ್ಗೆ

ಗೆಳೆಯರೇ, ನಮಸ್ಕಾರ.

ದಕ್ಷಿಣ ಆಫ್ರಿಕಾದಲ್ಲಿ ಅಲ್ಲಿನ ಆಫ್ರಿಕಾನ್ಸ್ ಭಾಷೆಯ ಕಾದಂಬರಿಗಳನ್ನು ನಾಟಕ ಮಾಡಿ ಶಾಲೆ ಮಕ್ಕಳ ಮುಂದೆ ಆಡುತ್ತಾರೆ. ಅದರ ಬಗ್ಗೆ ಒಂದು ಲೇಖನ ಬರೆಯಲು ಕೂತಿದ್ದೇನೆ. ಕಥೆ ಹೇಳುವುದು ಸಲೀಸು. ಪದಗಳೇ ಕಾಡುತ್ತಿವೆ. ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ‘ಫರ್‌ವೆರ್ಕಿಂಗ್’. ಕಾದಂಬರಿಯಿಂದ ಮಾಡಿದ ನಾಟಕಕ್ಕೆ ಆಫ್ರಿಕಾನ್ಸ್‌ನಲ್ಲಿ ಹೀಗೆನ್ನುತ್ತಾರೆ. ಇದರೊಳಗಿರುವುದು ‘ವೆರ್ಕ್’, ಅಂದರೆ ಕೆಲಸ. ಕಂಪ್ಯೂಟರಿನ ದತ್ತಾಂಶ ಸಂಸ್ಕರಣೆಗೂ ಇದೇ ಪದ. ದುಃಖವನ್ನು ಅರಗಿಸಿಕೊಳ್ಳುವುದಕ್ಕೂ ಇದರದೇ ಕ್ರಿಯಾಪದ. ನಮ್ಮಲ್ಲಿ ಇಷ್ಟೆಲ್ಲ ಹೊರುವ ಒಂದು ಪದ ಹುಡುಕುವುದು ಬೇಡ. ನಾಟಕದ ಮಟ್ಟಿಗೆ ಸಿಕ್ಕರೆ ಸಾಕು.

ಉದಾಹರಣೆಗೆ ಡಾಲೀನ್ ಮತೀ 1985ರಲ್ಲಿ ಬರೆದ ‘ಫೀಲಾ ಸೆ ಕಿಂಟ್’ ತಗೊಳ್ಳಿ. ‘ಫೀಲಾಳ ಮಗು’ ಎಂದರ್ಥ. ಸುಝಾನ್ ಫಾನ್ ವೇಕ್ ಇದನ್ನು ನಾಟಕ ಮಾಡಿದ್ದಾರೆ. ಕಾದಂಬರಿ ನಡೆಯುವುದು 19ನೇ ಶತಮಾನದಲ್ಲಿ. ಬೆಟ್ಟದ ಆ ಕಡೆ ಲಾಂಗ್‌ಕ್ಲೂಫ್ ಕಣಿವೆ, ಈ ಕಡೆ ನೈಸ್ನಾ ಕಾಡು. ಫೀಲಾ ಕಣಿವೆಯ ಕಡೆಯವಳು, ಬಿಳಿಯಳಲ್ಲ. ಒಂದು ರಾತ್ರಿ ಅವಳ ಮನೆಬಾಗಿಲಲ್ಲಿ ಮೂರು ವರ್ಷದ ಬಿಳಿ ಮಗು ಅಳುತ್ತಿರುತ್ತದೆ. ಅವಳು ಬೆಂಜಮಿನ್ ಎಂದು ಹೆಸರಿಟ್ಟು ತನ್ನ ಮಕ್ಕಳ ಜೊತೆ ಸಾಕುತ್ತಾಳೆ. ಒಂಬತ್ತು ವರ್ಷವಾದ ಮೇಲೆ ಜನಗಣತಿಯವರು ಬರುತ್ತಾರೆ. ಈ ಮನೆಯಲ್ಲಿ ಬಿಳಿ ಹುಡುಗ ಯಾಕಿದ್ದಾನೆ ಎಂಬ ಪ್ರಶ್ನೆ ಏಳುತ್ತದೆ. ಹಿಂದೆ ಕಾಡಿನಲ್ಲಿ ಮರ ಕಡಿಯುವ ಒಂದು ಕುಟುಂಬ ಮಗುವನ್ನು ಕಳೆದುಕೊಂಡಿತ್ತು. ಹುಡುಗನನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಮ್ಯಾಜಿಸ್ಟ್ರೇಟರ ಮುಂದೆ ಹುಡುಗರನ್ನು ಸಾಲಾಗಿ ನಿಲ್ಲಿಸಿ, ನಿನ್ನ ಮಗ ಯಾರು ತೋರಿಸು ಎಂದು ಆ ಮನೆಯ ತಾಯಿಯನ್ನು ಕೇಳುತ್ತಾರೆ. ಅವಳು ಬೆಂಜಮಿನ್‌ನನ್ನೇ ತೋರಿಸುತ್ತಾಳೆ. ಯಾರನ್ನು ತೋರಿಸಬೇಕೆಂದು ಅವಳಿಗೆ ಮೊದಲೇ ಹೇಳಿಕೊಟ್ಟಿದ್ದರು ಅನ್ನೋದು ಓದುಗರಿಗೆ ತಿಳಿಯುವುದು ಎಷ್ಟೋ ಪುಟಗಳಾದ ಮೇಲೆ.

ಈ ದೃಶ್ಯವನ್ನು ರಂಗದ ಮೇಲೆ ಊಹಿಸಿಕೊಳ್ಳಿ. ಸಾಲಾಗಿ ನಿಂತ ಹುಡುಗರು, ಎದುರಿಗೆ ಒಬ್ಬಳು ಹೆಂಗಸು. ನೋಡುತ್ತಿರುವವರೂ ಅದೇ ವಯಸ್ಸಿನ ಮಕ್ಕಳು. ಇಲ್ಲಿ ಮಾತೇ ಬೇಕಿಲ್ಲ. ಆದರೆ ಪುಸ್ತಕ ಒಂದು ಅಧ್ಯಾಯ ಕಣಿವೆಯಲ್ಲಿ, ಇನ್ನೊಂದು ಕಾಡಿನಲ್ಲಿ ಎಂದು ಓಡಾಡುತ್ತದೆ. ಫೀಲಾ ಮನಸ್ಸಿನಲ್ಲೇ ಅಂದುಕೊಳ್ಳುವ ಮಾತುಗಳೂ ಬೇಕಾದಷ್ಟಿವೆ. ಅದನ್ನೆಲ್ಲ ಕತ್ತರಿಸಿ, ಜೋಡಿಸಿ, ಬಾಯಿಮಾತಿಗೆ ತರುವ ಕೆಲಸಕ್ಕೆ ಕನ್ನಡದಲ್ಲಿ ಏನನ್ನೋಣ?

ಕೆಲವರು ಸುಮ್ನೆ ‘ರೂಪಾಂತರ’ ಎಂದು ಬರೆದುಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮಲ್ಲಿ ರೂಪಾಂತರ ಎಂದರೆ ಊರು, ಹೆಸರು, ಕಾಲ ಎಲ್ಲ ಬದಲಾಗುವುದು. 1929ರಲ್ಲಿ ಬಿ.ಎಂ.ಶ್ರೀ. ಗ್ರೀಕ್ ನಾಟಕಕಾರ ಸಾಫೊಕ್ಲಿಸನ ಏಜಾಕ್ಸ್‌ನನ್ನು ಅಶ್ವತ್ಥಾಮನನ್ನಾಗಿ ಮಾಡಿದ್ದು ರೂಪಾಂತರ. ಇಲ್ಲಿ ಫೀಲಾ ಫೀಲಾಳಾಗಿಯೇ ಇದ್ದಾಳೆ, ಭಾಷೆಯೂ ಅದೇ. ಬದಲಾಗಿರುವುದು ಪ್ರಕಾರ ಮಾತ್ರ. ಮೈಸೂರಿನ ರಂಗಾಯಣ 2010ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಾತ್ರಿಯಿಡೀ ಆಡಿತಲ್ಲ, ಆಗ ಕೆ.ವೈ. ನಾರಾಯಣಸ್ವಾಮಿ ಅವರ ಕೆಲಸವನ್ನು ‘ರಂಗರೂಪ’ ಎಂದೇ ಕರೆದರು. ಇದಕ್ಕೂ ಅದೇ ಸರಿ ಅನಿಸುತ್ತದೆ.

ಆದರೆ ಒಂದು ತೊಡಕಿದೆ. ಫಾನ್ ವೇಕ್ ಅವರ ನಾಟಕ ಬರೀ ಆಟವಲ್ಲ, ತರಗತಿಯಲ್ಲಿ ಓದಿಸುವ ಪುಸ್ತಕವೂ ಹೌದು. ರಂಗವೇ ಇಲ್ಲದ ಕಡೆ, ಬೆಂಚಿನ ಮೇಲೆ ಕೂತು ಓದುವುದಕ್ಕೂ ‘ರಂಗರೂಪ’ ಎನ್ನಬಹುದಾ? ‘ನಾಟಕರೂಪ’ ಎಂದರೆ ಎರಡಕ್ಕೂ ಹೊಂದುತ್ತದೆ, ಆದರೆ ಸ್ವಲ್ಪ ಸಪ್ಪೆ. ಮಾಡಿದವರನ್ನು ಏನೆನ್ನುವುದು ಅನ್ನೋದು ಇನ್ನೊಂದು ತಲೆನೋವು. ‘ರಂಗರೂಪಕಾರ’ ಕಿವಿಗೆ ಒಗ್ಗುತ್ತಿಲ್ಲ. ‘ರಂಗಕ್ಕೆ ಅಳವಡಿಸಿದವರು’ ಪೋಸ್ಟರಿನಲ್ಲಿ ಉದ್ದವಾಯಿತು. ಹೆಸರಿನ ಹಿಂದೆ ‘ರಂಗರೂಪ:’ ಎಂದು ಹಾಕಿ ಮುಗಿಸುವುದೇ ನಮ್ಮ ರೂಢಿ, ಅಲ್ವಾ?

ಪಠ್ಯಕ್ಕೆ ಇಟ್ಟ ಇಂಥ ಪುಸ್ತಕಕ್ಕೆ ಅಲ್ಲಿ ‘ಗೊತ್ತುಮಾಡಿದ ಪುಸ್ತಕ’ ಎನ್ನುವಂಥ ಪದವಿದೆ. ನನಗೆ ತಟ್ಟನೆ ನೆನಪಾದದ್ದು ನಮ್ಮ ‘ನಾನ್‌ಡೀಟೇಲ್’, ಅಂದರೆ ಮುಖ್ಯ ಪಠ್ಯದ ಜೊತೆಗೆ ಓದಿಸುತ್ತಿದ್ದ ಪುಸ್ತಕ. ಹಳಬರಿಗೆ ಇದು ಚೆನ್ನಾಗಿ ಗೊತ್ತು, ಈಗಿನ ಮಕ್ಕಳಿಗೆ ಗೊತ್ತಿಲ್ಲ. ‘ಉಪಪಠ್ಯ’ ಎಂದು ಬರೆದರೆ ಮುಖ್ಯ ಅಲ್ಲ ಅನ್ನೋ ಅರ್ಥ ಬಂದುಬಿಡುತ್ತದೆ. ಅಲ್ಲಿ ಇದರ ಮೇಲೆ ಪರೀಕ್ಷೆಯೇ ಇರುತ್ತದೆ. ಸದ್ಯಕ್ಕೆ ‘ಪಠ್ಯಕ್ಕಿಟ್ಟ ನಾಟಕ’ ಎಂದು ಬಿಡಿಸಿ ಬರೆದಿದ್ದೇನೆ. ಇನ್ನೊಂದು ಮಾತು: ನೋಡುವ ಮಕ್ಕಳಲ್ಲಿ ಬಹಳ ಜನಕ್ಕೆ ಆಫ್ರಿಕಾನ್ಸ್ ಮನೆಮಾತಲ್ಲ. ಶಾಲೆಯಲ್ಲಿ ‘ಮೊದಲ ಹೆಚ್ಚುವರಿ ಭಾಷೆ’ಯಾಗಿ ಕಲಿಯುವವರು. ನಮ್ಮ ‘ದ್ವಿತೀಯ ಭಾಷೆ’ಗೆ ಇದು ಹತ್ತಿರ. ಪುಸ್ತಕದಲ್ಲಿ ಹಿಡಿತಕ್ಕೆ ಸಿಗದ ಮಾತು ನಟರ ಬಾಯಲ್ಲಿ ಕೇಳಿದಾಗ ಅರ್ಥವಾಗುತ್ತದೆ, ಇಂಥ ನಾಟಕಗಳಿಂದ ಆಗುವ ದೊಡ್ಡ ಉಪಕಾರ ಅದು.

ಕೊನೆಯದು, ನನಗೆ ಬಹಳ ಇಷ್ಟವಾದದ್ದು. ತಾಯಿ ಸತ್ತ ಕುರಿಮರಿಗೆ ಕೈಯಾರೆ ಹಾಲು ಕುಡಿಸಿ ಬೆಳೆಸಿದರೆ ಅದು ‘ಹಾನ್ಸ್‌ಲಾಮ್’. ಹಾಗೆ ಬೇರೆಯವರ ಮನೆಯಲ್ಲಿ ಬೆಳೆದ ಮಗು ‘ಹಾನ್ಸ್‌ಕಿಂಟ್’. ಬೆಂಜಮಿನ್ ಅಂಥವನು. ‘ದತ್ತುಮಗ’ ಎಂದರೆ ಕಾಗದಪತ್ರದ ವಾಸನೆ ಬರುತ್ತದೆ. ಕಾಗದ ಇಲ್ಲದ್ದೇ ಫೀಲಾಳ ಕಷ್ಟ! ‘ತಬ್ಬಲಿ’ಯಲ್ಲಿ ಕರುವೂ ಇದೆ, ಮಗುವೂ ಇದೆ. ಆದರೆ ತಾಯಿ ಇಲ್ಲದ್ದನ್ನು ಹೇಳುತ್ತದೆಯೇ ಹೊರತು ಸಾಕಿದವಳನ್ನು ಹೇಳುವುದಿಲ್ಲ. ‘ಸಾಕುಮಗ’ ಪರವಾಗಿಲ್ಲ. ಕುರಿ ಸಾಕುವ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಬಾಟಲಿ ಹಾಲಿನಲ್ಲಿ ಬೆಳೆಸಿದ ಮರಿಗೆ ನಿಮ್ಮ ಕಡೆ ಬೇರೆ ಹೆಸರಿದೆಯಾ? ಅದನ್ನೇ ಮನುಷ್ಯರ ಮಗುವಿಗೂ ಹೇಳುತ್ತಾರಾ? ಇದ್ದರೆ ಯಾವ ತಾಲ್ಲೂಕಿನ ಮಾತು ಅನ್ನೋದನ್ನೂ ಬರೆಯಿರಿ.