ಉಪನ್ಯಾಸ ಕೇಳುವಾಗ ಮನಸ್ಸು ಜಾರದಿರಲು ಏನು ಮಾಡುತ್ತೀರಿ?

ಪ್ರಶ್ನೆ: ನಾಳಿದ್ದು ದಿನಪೂರ್ತಿ ವಿಚಾರ ಸಂಕಿರಣ. ಒಂದೊಂದು ಉಪನ್ಯಾಸ 45 ನಿಮಿಷ. ಬರೆಯುತ್ತಾ ಕೂತರೆ ಮಾತು ತಪ್ಪುತ್ತದೆ, ಬರೆಯದಿದ್ದರೆ ತೂಕಡಿಕೆ. ಅನುಭವ ಇರುವವರು ಹೇಳಿ.

ಪೆನ್ನು-ಕಾಗದ: ಎಲ್ಲವನ್ನೂ ಬರೆದುಕೊಳ್ಳುವ ಹಟವೇ ಮೊದಲ ತಪ್ಪು. ಇಂಗ್ಲಿಷ್ ಮಾತು ನಿಮಿಷಕ್ಕೆ 120ರಿಂದ 150 ಪದ ಓಡುತ್ತದೆ, ಕೈ ಓಡುವುದು 25ರ ಆಸುಪಾಸು. ಕನ್ನಡದಲ್ಲಿ ಪದ ಕಮ್ಮಿ, ಆದರೆ ಪ್ರತ್ಯಯವೆಲ್ಲ ಅಂಟಿಕೊಂಡಿರುತ್ತದೆ. ಹಾಗಾಗಿ ಕೈಗೆ ಕೆಲಸ ಅಷ್ಟೇ ಇರುತ್ತದೆ. ಪುಟದ ಎಡಕ್ಕೆ ಎರಡೂವರೆ ಇಂಚು, ಕೆಳಗೆ ಎರಡು ಇಂಚು ಬಿಟ್ಟು ಗೀಟು ಹಾಕಿ. ಇದು ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪೌಕ್ ಹೇಳಿಕೊಟ್ಟ ಕ್ರಮ. ಎಡಗಡೆಯನ್ನು ಅಲ್ಲೇ ತುಂಬಿಸಿ ಹಾಳು ಮಾಡುವವರೇ ಹೆಚ್ಚು. ಅದು ಉಪನ್ಯಾಸ ಮುಗಿದ ಮೇಲೆ ಪ್ರಶ್ನೆ ಬರೆಯಲು ಇರುವ ಜಾಗ. ಲ್ಯಾಪ್‌ಟಾಪ್ ಮಾತ್ರ ಬೇಡವೇ ಬೇಡ. ಮುಲ್ಲರ್–ಒಪನ್‌ಹೈಮರ್ ಎಂಬ ಇಬ್ಬರು ಮನೋವಿಜ್ಞಾನಿಗಳು 2014ರಲ್ಲೇ ತೋರಿಸಿದ್ದಾರೆ, ಕೀಲಿ ಒತ್ತುವವರು ಕೇಳಿದ್ದನ್ನು ಹಾಗೇ ಇಳಿಸುತ್ತಾರೆ, ಅರ್ಥ ತಲೆಗೆ ಹೋಗುವುದಿಲ್ಲ.

ಕೀಬೋರ್ಡ್: ಅರ್ಧ ಓದಿ ತೀರ್ಪು ಕೊಡಬೇಡಿ ಸ್ವಾಮಿ. 2019ರಲ್ಲಿ ಬೇರೆಯವರು ಅದೇ ಪ್ರಯೋಗ ಮತ್ತೆ ಮಾಡಿದಾಗ ಅಷ್ಟು ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ವೈಫೈ ಆರಿಸಿ, ಪರದೆ ತುಂಬ ಒಂದೇ ಕಿಟಕಿ ಇಟ್ಟರೆ ಸಾಕು.

ಪೆನ್ನು-ಕಾಗದ: ಪಕ್ಕದಲ್ಲಿ ಕೂತವರ ಗತಿ? 2013ರ ಪ್ರಯೋಗದಲ್ಲಿ, ಬೇರೆಯವರ ಪರದೆಯಲ್ಲಿ ಬೇರೆ ಕೆಲಸ ಕಾಣುವ ಜಾಗದಲ್ಲಿ ಕೂತವರಿಗೂ ಅಂಕ ಇಳಿಯಿತು. ನಿಮ್ಮ ಬೆಳಕು ನಿಮ್ಮೊಬ್ಬರ ಕಣ್ಣಿಗೇ ಬೀಳುವುದಿಲ್ಲ.

ಗೀಚುವವರು: ಇಬ್ಬರೂ ನಿಲ್ಲಿಸಿ. ತೂಕಡಿಕೆಗೆ ಮದ್ದು ಗೀಚುವುದು. ಮನೋವಿಜ್ಞಾನಿ ಜಾಕಿ ಆಂಡ್ರೇಡ್ ಪ್ರಯೋಗದಲ್ಲಿ ಆಕೃತಿಗಳಿಗೆ ಪೆನ್ಸಿಲ್ ತುಂಬುತ್ತಾ ಕೇಳಿದವರು ಶೇ. 29ರಷ್ಟು ಹೆಚ್ಚು ನೆನಪಿಟ್ಟುಕೊಂಡರು. ಚಿತ್ರ ಬಿಡಿಸಬೇಡಿ, ಚಿತ್ರ ಗಮನ ಕೇಳುತ್ತದೆ. ಚೌಕಳಿ ತುಂಬಿ, ಅಷ್ಟೇ.

ಕೀಬೋರ್ಡ್: ಅದು ಎರಡೂವರೆ ನಿಮಿಷದ, ಬೇಸರ ತರಿಸಲೆಂದೇ ಮಾಡಿದ ಟೆಲಿಫೋನ್ ಸಂದೇಶ! 45 ನಿಮಿಷದ ವಾದಕ್ಕೆ ಅದನ್ನು ಹಚ್ಚುತ್ತೀರಾ?

ಧ್ವನಿಮುದ್ರಣ: ಕೇಳಿದವರಿಗೆ ಬೇಕಾದ್ದು ಯಾರೂ ಹೇಳಲಿಲ್ಲ. ಮನಸ್ಸು ಹೋಗೇ ಹೋಗುತ್ತದೆ. ವಾಪಸ್ ಬಂದಾಗ ಏನು ಮಾಡುತ್ತೀರಿ ಅನ್ನುವುದೇ ಮುಖ್ಯ. ತಪ್ಪಿದ್ದನ್ನು ಹುಡುಕಲು ಹೋದರೆ ಮುಂದಿನದ್ದೂ ತಪ್ಪುತ್ತದೆ. ಮೂರು ಸಾಲು ಖಾಲಿ ಬಿಡಿ, ಅಂಚಿನಲ್ಲಿ ಗಡಿಯಾರದ ಸಮಯ ಹಾಕಿ, ಈಗ ಕಿವಿಗೆ ಬೀಳುತ್ತಿರುವ ವಾಕ್ಯದಿಂದ ಶುರು ಮಾಡಿ. ಅನುಮತಿ ಕೇಳಿ ಫೋನಿನಲ್ಲಿ ಮುದ್ರಿಸುತ್ತಿದ್ದರೆ, ಶುರುವಾದ ಸಮಯವನ್ನೂ ಬರೆದಿಡಿ. ಆಮೇಲೆ ಮುದ್ರಣದಲ್ಲಿ, ತಪ್ಪಿಹೋದ ಆ ಒಂದೆರಡು ನಿಮಿಷಕ್ಕೆ ನೇರ ಹೋಗಬಹುದು. ಫೋನ್ ಬರೀ ಮೇಜಿನ ಮೇಲಿದ್ದರೆ ಪೆನ್ನಿನ ಟಕಟಕವೇ ಮಾತಿಗಿಂತ ಜೋರು. ಕರವಸ್ತ್ರ ನಾಲ್ಕು ಮಡಿಕೆ ಮಾಡಿ ಅದರ ಮೇಲಿಡಿ, ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಕರೆ ಬಂದಾಗ ಮುದ್ರಣ ಕಡಿಯಬಹುದು.

ಪೆನ್ನು-ಕಾಗದ: ಮುದ್ರಣ ಇದೆ ಎಂದು ಗೊತ್ತಾದ ಕ್ಷಣವೇ ಕಿವಿ ಸಡಿಲ. ದಿನಕ್ಕೆ ಆರು ಉಪನ್ಯಾಸ ಅಂದರೆ ನಾಲ್ಕೂವರೆ ಗಂಟೆ. ಯಾರು ಮತ್ತೆ ಕೇಳುತ್ತಾರೆ?

ಧ್ವನಿಮುದ್ರಣ: ಪೂರ್ತಿ ಕೇಳಿ ಎಂದವರು ಯಾರು? ಖಾಲಿ ಬಿಟ್ಟ ಸಾಲುಗಳಿಗಷ್ಟೇ ಎಂದೆ. ಮೇಲಿನದ್ದನ್ನು ಇನ್ನೊಮ್ಮೆ ಓದಿ.